ಹೆಡ್‌ಮೇಡಂ ಆಗೋದನ್ನು ಯಾರು ಕಲಿಸ್ತಾರೆ?

ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ಮೇ 31 ಅಂದರೆ ಬೀಳ್ಕೊಡುಗೆಯ ದಿನ. ಹಿಂದಿನ ತಲೆಮಾರಿನ ತುಂಬ ಜನಕ್ಕೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಅಂತ ಬರೆಸಿದ್ದು ಜೂನ್ 1. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು ಅನ್ನೋದು ನಿಯಮ. ಹಾಗಾಗಿ 60 ತುಂಬಿದ ಮೇಷ್ಟ್ರುಗಳು, ಮೇಡಂಗಳು ಸಾಲು ಸಾಲಾಗಿ ಮನೆಗೆ ಹೋಗುವುದು ಮೇ 31ಕ್ಕೆ. ಶಾಲೆ ಶುರುವಾಗುವುದೂ ಸರಿಯಾಗಿ ಅದೇ ಹೊತ್ತಿಗೆ. ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುವ ವಾರ ಅದು. ಆ ವಾರವೇ ಶಾಲೆಯ ಎಲ್ಲ ಒಳಗುಟ್ಟು ಗೊತ್ತಿದ್ದ ಹಿರಿಯರು ಹೊರಟುಬಿಡುತ್ತಾರೆ.

ಬೀಳ್ಕೊಡುಗೆಯನ್ನು ಊರವರು ಮನಸ್ಸಿಟ್ಟು ಮಾಡುತ್ತಾರೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲರಿಗೂ ಊಟ. ಹಳೇ ವಿದ್ಯಾರ್ಥಿಗಳು ಬೆಂಗಳೂರಿಂದ ಬರುತ್ತಾರೆ. ಕಣ್ಣೀರು ಹಾಕುತ್ತಾರೆ. ಇದೆಲ್ಲ ಆಗಬೇಕಾದದ್ದೇ. ಆದರೆ ಅದೇ ಹೊತ್ತಲ್ಲಿ, ಸಾಮಾನ್ಯವಾಗಿ ಊಟ ಬಡಿಸುವ ಕಡೆ, ಇನ್ನೊಬ್ಬರು ಓಡಾಡುತ್ತಿರುತ್ತಾರೆ. ಮಾರನೇ ದಿನ ಆ ಕುರ್ಚಿಯಲ್ಲಿ ಕೂರಬೇಕಾದವರು. ಅವರ ಬಗ್ಗೆ ಭಾಷಣದಲ್ಲಿ ಒಂದು ಮಾತೂ ಬರುವುದಿಲ್ಲ. ಅವರು ಈ ಕೆಲಸಕ್ಕೆ ತಯಾರಿದ್ದಾರಾ, ಯಾರಾದರೂ ಏನಾದರೂ ಹೇಳಿಕೊಟ್ಟಿದ್ದಾರಾ ಅಂತ ಕೇಳುವವರೂ ಇಲ್ಲ.

ನಾನು ಕೆಲವು ವರ್ಷ ಮಂಡ್ಯ ತಾಲ್ಲೂಕಿನ ಒಂದು ಕ್ಲಸ್ಟರ್‌ನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿನಲ್ಲಿ, ಶಾಲೆ ಶಾಲೆಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಸಿ.ಆರ್.ಪಿ. ಆಗಿದ್ದೆ. ಈಗ ಶ್ರೀರಂಗಪಟ್ಟಣದ ಕಡೆ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಹೊರಗಿನಿಂದಲೂ ನೋಡಿದ್ದೇನೆ, ಒಳಗಿನಿಂದಲೂ ನೋಡುತ್ತಿದ್ದೇನೆ. ಒಂದು ಶಾಲೆ ಚೆನ್ನಾಗಿ ನಡೆಯುತ್ತಿದೆ ಅಂದರೆ ಅಲ್ಲಿ ಒಬ್ಬ ಒಳ್ಳೆಯ ಹೆಚ್.ಎಂ. (ಮುಖ್ಯ ಶಿಕ್ಷಕರು) ಇದ್ದಾರೆ ಅಂತ ಎಲ್ಲರೂ ಒಪ್ಪುತ್ತೇವೆ. ಆದರೂ ಆ ಹೆಚ್.ಎಂ. ಹೇಗೆ ತಯಾರಾಗುತ್ತಾರೆ ಅನ್ನೋದನ್ನು ಅವರವರ ಹಣೆಬರಹಕ್ಕೆ ಬಿಟ್ಟುಬಿಟ್ಟಿದ್ದೇವೆ. ಇದು ನನ್ನನ್ನು ಕಾಡುತ್ತಲೇ ಇದೆ.

ಚಾರ್ಜ್ ಪಟ್ಟಿಯಲ್ಲಿ ಇಲ್ಲದ್ದು

ಸಿ.ಆರ್.ಪಿ. ಆಗಿದ್ದಾಗ ನೋಡಿದ ಒಂದು ಚಾರ್ಜ್ ಹಸ್ತಾಂತರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲೆ ಪಕ್ಕದ ಒಂದು ಊರು. ನಿವೃತ್ತರಾಗುತ್ತಿದ್ದವರು ಆ ಊರಲ್ಲಿ ಎರಡು ತಲೆಮಾರಿಗೆ ಪಾಠ ಮಾಡಿದ ಮೇಷ್ಟ್ರು. ಚಾರ್ಜ್ ತಗೊಳ್ಳುತ್ತಿದ್ದವರು ಅಲ್ಲೇ ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಡಂ. ಅವರ ಪೀರಿಯಡ್ ಅಂದರೆ ಮಕ್ಕಳಿಗೆ ಪ್ರಾಣ. ಶಾಲೆಯಲ್ಲಿ ಉಳಿದವರಲ್ಲಿ ಅವರೇ ಸೀನಿಯರ್. ಹಾಗಾಗಿ ಅವರೇ ಇನ್‌ಚಾರ್ಜ್ ಹೆಚ್.ಎಂ. ಅಷ್ಟೇ ಅರ್ಹತೆ, ಅಷ್ಟೇ ಆಯ್ಕೆ.

ಆಫೀಸ್ ರೂಮಿನ ಟೇಬಲ್ ಮೇಲೆ ಬೀಗದ ಕೈ ಗೊಂಚಲು. ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದ್ದರು. "ಕೆಂಪು ದಾರದ್ದು ಬೀರು ಮೇಡಂ. ಹಸಿರು ಸ್ಟೋರ್ ರೂಮು. ದಾರ ಇಲ್ದೇ ಇರೋದು ಬೋರ್‌ವೆಲ್ ಸ್ವಿಚ್ ಪೆಟ್ಟಿಗೆದು." ಬೀರು ತೆಗೆದರು. ದಾಖಲಾತಿ ಪುಸ್ತಕ, ಟಿ.ಸಿ. ಪುಸ್ತಕ, ಹಾಜರಿ, ಕ್ಯಾಶ್ ಬುಕ್, ಪಾಸ್‌ಬುಕ್, ಚೆಕ್‌ಬುಕ್, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ, ಬಿಸಿಯೂಟದ ರುಚಿ ನೋಡಿದ ಪುಸ್ತಕ. ಒಂದೊಂದನ್ನೂ ತೆಗೆದು ಪಟ್ಟಿಯಲ್ಲಿ ಟಿಕ್ ಹಾಕಿದರು. ಆಮೇಲೆ ಸ್ಟೋರ್ ರೂಮು. ಅಕ್ಕಿ ಮೂಟೆಗಳನ್ನು ಒಂದೊಂದಾಗಿ ತೂಕ ಹಾಕಿ ಸ್ಟಾಕ್ ಬುಕ್ಕಿಗೆ ತಾಳೆ ನೋಡಿದರು. ಬೇಳೆ, ಎಣ್ಣೆ, ಹಾಲಿನ ಪುಡಿ, ಸಿಲಿಂಡರ್. ಅಡುಗೆ ಅಕ್ಕಂದಿರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಇಬ್ಬರೂ ಸಹಿ ಹಾಕಿದರು. "ಎಲ್ಲಾ ಬುಕ್ಕಲ್ಲೈತೆ ಮೇಡಂ, ಏನೂ ಎದುರ್ಕಬೇಡಿ" ಅಂದರು ಮೇಷ್ಟ್ರು.

ಆಗ ಮೇಡಂ ಒಂದು ಪ್ರಶ್ನೆ ಕೇಳಿದರು. "ಸಾರ್, ಏಳನೇ ಕ್ಲಾಸಿನ ಆ ಹುಡುಗ ವಾರಕ್ಕೆ ಎರಡು ದಿನ ಬರೋದೇ ಇಲ್ಲ. ಅವರಪ್ಪನ ಹತ್ರ ನೀವು ಹೇಗೆ ಮಾತಾಡ್ತಿದ್ರಿ? ನನ್ನ ಕೈಲಿ ಆಗ್ತಿಲ್ಲ."

ಮೇಷ್ಟ್ರು ಎದ್ದವರು ಮತ್ತೆ ಕೂತರು. "ಸಂಜೆ ಮಾತಾಡಬೇಡಿ ಮೇಡಂ. ಬೆಳಗ್ಗೆ ಡೈರಿಗೆ ಹಾಲು ಹಾಕಕ್ ಬತ್ತಾನೆ, ಅಲ್ಲಿ ಇಡ್ಕಳಿ. ನಾಕ್ ಜನದ ಮುಂದೆ ಬಯ್ಬೇಡಿ. ಪಕ್ಕಕ್ ಕರ್ದು, ನಿನ್ ಮಗ ಲೆಕ್ಕದಲ್ಲಿ ಚುರುಕು ಕಣಪ್ಪ ಅನ್ನಿ. ಮಾರನೇ ದಿನ ಕಳಿಸ್ತಾನೆ." ಅಲ್ಲಿಂದ ಶುರುವಾದ ಮಾತು ಅರ್ಧ ಗಂಟೆ ನಡೆಯಿತು. ಯಾವ ಮನೆಯ ಹುಡುಗಿಯನ್ನು ಎಂಟನೇ ಕ್ಲಾಸ್ ಆದಮೇಲೆ ಬಿಡಿಸುವ ಯೋಚನೆ ನಡೆದಿದೆ. ಅಡುಗೆ ಅಕ್ಕಂದಿರಿಬ್ಬರ ನಡುವೆ ಯಾವ ವಿಷಯಕ್ಕೆ ಮಾತು ಬಿಟ್ಟಿದೆ, ಅವರನ್ನು ಒಟ್ಟಿಗೆ ಕೆಲಸ ಮಾಡಿಸುವುದು ಹೇಗೆ. ಹೊಸದಾಗಿ ಬಂದ ಪಿ.ಇ. ಮೇಷ್ಟ್ರು ಎಲ್ಲರ ಮುಂದೆ ಹೇಳಿದರೆ ಕುಗ್ಗಿಹೋಗುತ್ತಾರೆ, ಒಂಟಿಯಾಗಿ ಹೇಳಿದರೆ ಎರಡರಷ್ಟು ಕೆಲಸ ಮಾಡುತ್ತಾರೆ. ಕಾಂಪೌಂಡ್ ಗೋಡೆ ಜಗಳ ಎಲ್ಲಿಂದ ಶುರುವಾಯಿತು. ಮೇಡಂ ಕೈಗೆ ಸಿಕ್ಕ ಹಳೇ ಉತ್ತರ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾ ಹೋದರು. ಆ ಕಾಗದ ಮುಂದೆ ವರ್ಷವೆಲ್ಲ ಅವರ ಬ್ಯಾಗಿನಲ್ಲೇ ಇತ್ತು.

ಶಾಲೆಯನ್ನು ನಡೆಸುವುದು ಅಂದರೆ ಏನು ಅನ್ನೋದು ಆ ಅರ್ಧ ಗಂಟೆಯಲ್ಲಿತ್ತು. ಅದಕ್ಕೆ ಚಾರ್ಜ್ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ. ಮೇಡಂ ಕೇಳದೇ ಹೋಗಿದ್ದರೆ ಮೇಷ್ಟ್ರು ಗಾಡಿ ಸ್ಟಾರ್ಟ್ ಮಾಡಿ ಹೊರಟುಹೋಗುತ್ತಿದ್ದರು. ಅಕ್ಕಿಯ ಲೆಕ್ಕ ಗ್ರಾಂ ಮಟ್ಟಕ್ಕೆ ಹಸ್ತಾಂತರ ಆಗಿರುತ್ತಿತ್ತು. ಒಬ್ಬ ಮನುಷ್ಯ ಇಷ್ಟು ವರ್ಷ ಕೂಡಿಸಿಟ್ಟ ತಿಳುವಳಿಕೆ ಅವರ ಜೊತೆಗೇ ಮನೆಗೆ ಹೋಗುತ್ತಿತ್ತು. ಹೆಚ್ಚಿನ ಶಾಲೆಗಳಲ್ಲಿ ಆಗುವುದು ಹಾಗೇ.

ಮುಂದಿನ ವಾರಗಳಲ್ಲಿ ಏನಾಯಿತು ಅಂತ ನೋಡಿದವರಿಗೆಲ್ಲ ಗೊತ್ತಿರುವ ಕಥೆ. ಇಲಾಖೆಯ ಪೋರ್ಟಲ್‌ಗೆ ಕೊಟ್ಟಿದ್ದ ಮೊಬೈಲ್ ನಂಬರ್ ಹಳೇ ಹೆಚ್.ಎಂ.ದು. ಒಟಿಪಿ ಅವರ ಫೋನಿಗೇ ಹೋಗುತ್ತದೆ. ಮೇಡಂ ಫೋನ್ ಮಾಡಿ "ಸಾರ್, ಒಟಿಪಿ ಬಂತಾ" ಅಂತ ಕೇಳಬೇಕು. ಸಾರ್ ಗದ್ದೆಯಲ್ಲಿದ್ದರೆ ಮನೆಗೆ ಬರುವವರೆಗೂ ಕಾಯಬೇಕು. ಆ ಮೇಷ್ಟ್ರು ಒಂದು ದಿನವೂ ಬೇಜಾರು ಮಾಡಿಕೊಳ್ಳಲಿಲ್ಲ. ಆ ಫೋನ್‌ಗಳಲ್ಲೇ ಮೇಡಂ ಇನ್ನೊಂದು ಎರಡು ಮಾತು ಕೇಳಿ ತಿಳಿದುಕೊಂಡರು. ಅವರಿಗೆ ಸಿಕ್ಕ ತರಬೇತಿ ಅಂದರೆ ಅದೇ.

ದಿನದ ಲೆಕ್ಕ

ಹೊರಗಿನವರಿಗೆ ಹೆಚ್.ಎಂ. ಕೆಲಸ ಅಂದರೆ ಸಹಿ ಹಾಕೋದು, ಬೆಲ್ ಹೊಡೆಸೋದು. ಒಂದು ಮಾಮೂಲಿ ಬೆಳಗ್ಗೆಯ ಲೆಕ್ಕ ಮಾತ್ರ ಹೇಳುತ್ತೇನೆ. ಒಂದರಿಂದ ಐದರಲ್ಲಿ 62 ಮಕ್ಕಳು, ಆರರಿಂದ ಎಂಟರಲ್ಲಿ 41 ಮಕ್ಕಳು ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಚಿಕ್ಕವರಿಗೆ ತಲೆಗೆ 100 ಗ್ರಾಂ ಅಕ್ಕಿ, ದೊಡ್ಡವರಿಗೆ 150 ಗ್ರಾಂ. ಒಟ್ಟು 12 ಕಿಲೋ 350 ಗ್ರಾಂ. ಬೇಳೆ ಚಿಕ್ಕವರಿಗೆ 20 ಗ್ರಾಂ, ದೊಡ್ಡವರಿಗೆ 30. ಒಟ್ಟು 2 ಕಿಲೋ 470 ಗ್ರಾಂ. 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲಿನ ಪುಡಿ ತಲೆಗೆ 18 ಗ್ರಾಂ, ಅಂದರೆ 1 ಕಿಲೋ 854 ಗ್ರಾಂ. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ತಗೊಳ್ಳುವವರೆಷ್ಟು. ಅಷ್ಟರಲ್ಲಿ ಒಬ್ಬ ಶಿಕ್ಷಕರು ರಜೆ, ಅವರ ಕ್ಲಾಸಿಗೆ ಯಾರು ಹೋಗಬೇಕು. ವಾಟ್ಸಾಪ್‌ನಲ್ಲಿ "ಈ ಮಾಹಿತಿ ಇವತ್ತೇ ತುರ್ತಾಗಿ ಕಳಿಸಿ" ಅಂತ ಮೆಸೇಜು. ಇದೆಲ್ಲ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ ಆಗುವುದರೊಳಗೆ.

ಬಿಸಿಯೂಟವನ್ನು ನಾನು ಹೊರೆ ಅಂತ ಹೇಳುತ್ತಿಲ್ಲ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ. ಅಕ್ಷರ ದಾಸೋಹ ಬಂದಮೇಲೆ ಶಾಲೆಗೆ ಬರುವ ಮಕ್ಕಳ ಮುಖವೇ ಬದಲಾದದ್ದನ್ನು ನೋಡಿದ್ದೇನೆ. ನಾನು ಹೇಳುವುದು ಇಷ್ಟೇ. ನಿನ್ನೆಯವರೆಗೂ ಇಂಗ್ಲಿಷ್ ಪಾಠ ಮಾಡುತ್ತಿದ್ದ ಒಬ್ಬರ ಕೈಗೆ ಇವತ್ತು ಬೆಳಗ್ಗೆ ಇದನ್ನೆಲ್ಲ ಒಟ್ಟಿಗೆ ಕೊಟ್ಟರೆ ಅವರು ಮೊದಲು ಕೈಬಿಡುವುದು ಯಾವುದನ್ನು? ಪಾಠವನ್ನು. ಅಕ್ಕಿ ಲೆಕ್ಕ ತಪ್ಪಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ, ಪಿಂಚಣಿ ಹೊತ್ತಿಗೆ ಕಾಟ ಕೊಡುತ್ತದೆ. ಐದನೇ ಕ್ಲಾಸಿನ ಮಗುವಿಗೆ ಓದಲು ಬರದಿದ್ದರೆ ಯಾವ ಆಡಿಟ್‌ನಲ್ಲೂ ಬರುವುದಿಲ್ಲ. ಹಾಗಾಗಿ ಒಳ್ಳೆಯ ಶಿಕ್ಷಕಿ ಒಬ್ಬರು ನಿಧಾನಕ್ಕೆ ಗುಮಾಸ್ತರಾಗಿಬಿಡುತ್ತಾರೆ. ಶಾಲೆಗೆ ಒಬ್ಬ ನಾಯಕಿ ಸಿಗುವುದಿಲ್ಲ, ಇದ್ದ ಒಬ್ಬ ಶಿಕ್ಷಕಿಯೂ ಹೋದಂತಾಗುತ್ತದೆ.

ಮಕ್ಕಳ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯ ಅನುಸೂಚಿ ನೋಡಿ. ಒಂದರಿಂದ ಐದರಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮುಖ್ಯ ಶಿಕ್ಷಕರು ಇರಬೇಕು. ಆರರಿಂದ ಎಂಟರಲ್ಲಿ 100ಕ್ಕಿಂತ ಹೆಚ್ಚಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು. ನಮ್ಮ ಹಳ್ಳಿಗಳಲ್ಲಿ ಅದಕ್ಕಿಂತ ಚಿಕ್ಕ ಶಾಲೆಗಳೇ ಜಾಸ್ತಿ. ಅಲ್ಲೆಲ್ಲ ಪಾಠ ಮಾಡುವವರೇ ಹೆಚ್.ಎಂ. ಕೆಲಸವನ್ನೂ ನೋಡಬೇಕು. ಮಕ್ಕಳು ಕಡಿಮೆ ಅಂದಮಾತ್ರಕ್ಕೆ ರಿಜಿಸ್ಟರ್‌ಗಳು ಕಡಿಮೆ ಆಗುವುದಿಲ್ಲ. ಬಡ್ತಿ ಬಂದರೂ ಬೇಡ ಅಂತ ಬರೆದುಕೊಡುವ ಶಿಕ್ಷಕರಿದ್ದಾರೆ. ಅವರನ್ನು ಸೋಮಾರಿಗಳು ಅನ್ನಬೇಡಿ. ಒಂಟಿಯಾಗಿ ಸಿಕ್ಕಿಹಾಕಿಕೊಳ್ಳುವ ಭಯ ಅದು.

ತರಬೇತಿ ಇಲ್ಲ ಅಂತಲ್ಲ

ತರಬೇತಿಗಳೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ದೆಹಲಿಯ ನೀಪಾ ಅನ್ನೋ ಶಿಕ್ಷಣ ಯೋಜನೆ-ಆಡಳಿತದ ರಾಷ್ಟ್ರೀಯ ಸಂಸ್ಥೆಯಲ್ಲಿ 2012ರಲ್ಲಿ ಶಾಲಾ ನಾಯಕತ್ವಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರ ಶುರುವಾಯಿತು. ನಮ್ಮ ರಾಜ್ಯದಲ್ಲಿ ಧಾರವಾಡದ ಸಿಸ್ಲೆಪ್ ಸಂಸ್ಥೆ ಈ ಕೆಲಸ ನೋಡಿಕೊಳ್ಳುತ್ತದೆ. 2019ರಲ್ಲಿ ಕೇಂದ್ರ ಸರ್ಕಾರದ ನಿಷ್ಠಾ ತರಬೇತಿ ಬಂತು, ಅದರಲ್ಲಿ ಮುಖ್ಯ ಶಿಕ್ಷಕರಿಗೂ ಪಾಠಗಳಿದ್ದವು. ಹೊಸ ಶಿಕ್ಷಣ ನೀತಿ 2020, ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ಕಲಿಕೆ ಇರಬೇಕು ಅನ್ನುತ್ತದೆ. ಮೈಸೂರಿನ ವಸಂತ ಮಹಲ್‌ನಲ್ಲಿರುವ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಡಯಟ್‌ನಲ್ಲಿ ತರಬೇತಿಗೆ ಕೂತ ಎಷ್ಟೋ ಜನ ನನ್ನ ಸ್ನೇಹಿತರು. ಅಲ್ಲಿ ಪಾಠ ಮಾಡುವವರು ಪ್ರಾಮಾಣಿಕವಾಗಿ ಮಾಡುತ್ತಾರೆ.

ನೀಪಾ ಕೇಂದ್ರದ ಪಠ್ಯಕ್ರಮದಲ್ಲಿ ಏಳು ಭಾಗಗಳಿವೆ. ನಾಯಕತ್ವದ ದೃಷ್ಟಿಕೋನ, ನಮ್ಮನ್ನು ನಾವು ಬೆಳೆಸಿಕೊಳ್ಳೋದು, ಪಾಠ-ಕಲಿಕೆಯನ್ನು ಬದಲಾಯಿಸೋದು, ತಂಡ ಕಟ್ಟೋದು, ಹೊಸತನ್ನು ಮಾಡೋದು, ಊರಿನವರ ಜೊತೆ ಕೈಜೋಡಿಸೋದು, ಆಡಳಿತ. ಓದಿದರೆ ಖುಷಿಯಾಗುತ್ತದೆ. ಏಳರಲ್ಲಿ ಆಡಳಿತ ಒಂದು ಭಾಗ ಮಾತ್ರ. ನಿಜವಾದ ಶಾಲೆಯಲ್ಲಿ ಹೊಸ ಹೆಚ್.ಎಂ.ನ ದಿನವೆಲ್ಲ ಆ ಒಂದು ಭಾಗಕ್ಕೇ ಹೋಗುತ್ತದೆ. ಉಳಿದ ಆರನ್ನು ಓದಿಕೊಂಡು ಬಂದವರಿಗೆ ಅದನ್ನು ಮಾಡಲು ಪುರುಸೊತ್ತೇ ಸಿಗುವುದಿಲ್ಲ. ತರಬೇತಿ ಮುಗಿಸಿ ಶಾಲೆಗೆ ಬಂದರೆ ಅಷ್ಟು ದಿನದ ಬಾಕಿ ಮಾಹಿತಿ ಕಾಯುತ್ತಿರುತ್ತದೆ.

ಇನ್ನೊಂದು, ತರಬೇತಿ ಬರುವ ಹೊತ್ತು. ಕುರ್ಚಿಯಲ್ಲಿ ಕೂತು ಎಷ್ಟೋ ತಿಂಗಳಾದ ಮೇಲೆ, ಕೆಲವರಿಗೆ ವರ್ಷಗಳಾದ ಮೇಲೆ ಕರೆ ಬರುತ್ತದೆ. ಅಷ್ಟರಲ್ಲಿ ಅವರದೇ ಒಂದು ದಾರಿ ಹಿಡಿದಿರುತ್ತಾರೆ. ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿ ಆಡಳಿತ ತರಬೇತಿ ಸಂಸ್ಥೆ ಇದೆಯಲ್ಲ, ಕೆ.ಎ.ಎಸ್. ಪಾಸಾದವರನ್ನು ಮೊದಲು ಅಲ್ಲಿಗೆ ಕರೆಸಿ ತಯಾರು ಮಾಡುತ್ತಾರೆ. ಸರಿಯಾದ ಪದ್ಧತಿ. ಮೈಸೂರಿನಲ್ಲೇ ಮಾನಸಗಂಗೋತ್ರಿ ಹತ್ತಿರದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿದೆ. ಅಲ್ಲಿ ಓದುವವರು ಪಕ್ಕದಲ್ಲೇ ಇರುವ ಪ್ರಾತ್ಯಕ್ಷಿಕೆ ಶಾಲೆಯಲ್ಲಿ ಪಾಠ ಮಾಡಿ ಕಲಿಯುತ್ತಾರೆ. ಈಗಿನ ಎರಡು ವರ್ಷದ ಬಿ.ಎಡ್.ನಲ್ಲಿ ಶಾಲೆಗಳಲ್ಲಿ ಕಳೆಯಬೇಕಾದ ಇಂಟರ್ನ್‌ಶಿಪ್ಪೇ 20 ವಾರ. ಒಬ್ಬರು ಒಂದು ತರಗತಿಗೆ ಹೋಗುವ ಮುಂಚೆ 20 ವಾರ ಇನ್ನೊಬ್ಬರ ಕಣ್ಣೆದುರು ಮಾಡಿ ಕಲಿಯಬೇಕು. ಅದೇ ಮನುಷ್ಯ ಇಡೀ ಶಾಲೆಯನ್ನು ವಹಿಸಿಕೊಳ್ಳುವ ಮುಂಚೆ ಒಂದು ದಿನವೂ ಬೇಡವೇ? ಸಿಂಗಪುರದಲ್ಲಿ ಪ್ರಿನ್ಸಿಪಾಲ್ ಆಗಬೇಕಾದವರನ್ನು ಮೊದಲೇ ಗುರುತಿಸಿ, ಆರು ತಿಂಗಳು ಪೂರ್ತಿ ಅದಕ್ಕೇ ಬಿಟ್ಟು ಕಲಿಸುತ್ತಾರೆ. ನಮಗೆ ಅಷ್ಟು ಆಗದಿರಬಹುದು. ಆರು ವಾರವೂ ಆಗುವುದಿಲ್ಲವೇ?

ಕೆಲವರು ಸೀನಿಯಾರಿಟಿಯನ್ನೇ ತೆಗೆದುಹಾಕಿ, ಪರೀಕ್ಷೆ ಇಟ್ಟು ಆರಿಸಿ ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಊರನ್ನು ಬಲ್ಲ, ಮಕ್ಕಳ ಅಪ್ಪ-ಅಮ್ಮನಿಗೂ ಪಾಠ ಹೇಳಿದ ಹಿರಿಯರ ಮಾತಿಗೆ ಹಳ್ಳಿಯಲ್ಲಿ ತೂಕವಿದೆ. ಪರೀಕ್ಷೆಯಲ್ಲಿ ಅದನ್ನು ಅಳೆಯಲು ಬರುವುದಿಲ್ಲ. ಸೀನಿಯರ್ ಅನ್ನೇ ಮಾಡಲಿ. ಆದರೆ ಯಾರು ಯಾವಾಗ ನಿವೃತ್ತರಾಗುತ್ತಾರೆ ಅನ್ನೋದು ಸೇವಾ ಪುಸ್ತಕದಲ್ಲಿ ಮೊದಲ ದಿನದಿಂದಲೇ ಬರೆದಿರುತ್ತದೆ. ಅವರ ನಂತರ ಯಾರು ಅನ್ನೋದೂ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಇಷ್ಟು ಮುಂಚೆ ಗೊತ್ತಿರುವ ವಿಷಯಕ್ಕೆ ತಯಾರಿ ಮಾಡದೇ ಇರುವುದಕ್ಕೆ ಯಾವ ಕಾರಣವೂ ಇಲ್ಲ.

ಆಲೆಮನೆಯ ಇಬ್ಬರು ಮಕ್ಕಳು

ಬೆಂಬಲ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಒಂದು ಫೋನ್ ಕಾಲ್‌ನಿಂದ. ಅದೇ ಇಂಗ್ಲಿಷ್ ಮೇಡಂ. ಚಾರ್ಜ್ ತಗೊಂಡ ವರ್ಷದ ಚಳಿಗಾಲ. ನಾನು ಆ ದಿನ ಅವರ ಶಾಲೆಗೆ ಹೋಗಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು, ಜೊತೆಗೆ ಇಬ್ಬರು ಮಕ್ಕಳು. ಊರಾಚೆ ಆಲೆಮನೆಗೆ ಕೆಲಸಕ್ಕೆ ಬಂದ ಕುಟುಂಬ. ದೊಡ್ಡವಳಿಗೆ ಹತ್ತು ವರ್ಷ ಇರಬಹುದು, ಚಿಕ್ಕವನಿಗೆ ಏಳು. ಟಿ.ಸಿ. ಇಲ್ಲ. ಜನನ ಪ್ರಮಾಣಪತ್ರ ಇಲ್ಲ. ಹಿಂದಿನ ಶಾಲೆ ಯಾವುದು ಅಂದರೆ ಆ ತಾಯಿ ಊರ ಹೆಸರು ಮಾತ್ರ ಹೇಳುತ್ತಾಳೆ. ಕಬ್ಬು ಅರೆಯುವುದು ಮುಗಿದರೆ ಮತ್ತೆ ಎಲ್ಲಿಗೋ.

ಮೇಡಂ ಮುಖದಲ್ಲಿ ಎರಡು ಭಾವ ಒಟ್ಟಿಗೆ ಕಾಣುತ್ತಿತ್ತು. ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕು ಅನ್ನೋ ಆಸೆ. ದಾಖಲೆ ಇಲ್ಲದೆ ಹೆಸರು ಬರೆದರೆ ನಾಳೆ ಯಾರು ಏನು ಕೇಳುತ್ತಾರೋ ಅನ್ನೋ ಅಳುಕು. ಶಾಲೆಯಲ್ಲೇ ಒಬ್ಬರು "ಟಿ.ಸಿ. ತಗೊಂಡು ಬರೋಕೆ ಹೇಳಿ ಕಳಿಸಿಬಿಡಿ ಮೇಡಂ, ಸುಮ್ನೆ ಯಾಕೆ ತಲೆನೋವು" ಅಂದರು. ನಾನು ಮಾತಾಡುವ ಮುಂಚೆ ಮೇಡಂ ಫೋನ್ ತೆಗೆದು ಪಕ್ಕದ ಊರಿನ ಹೆಚ್.ಎಂ.ಗೆ ಮಾಡಿದರು. ಆ ಮೇಷ್ಟ್ರು ಇಂಥ ಮಕ್ಕಳನ್ನು ವರ್ಷ ವರ್ಷ ಸೇರಿಸಿಕೊಂಡವರು. ಸ್ಪೀಕರ್‌ನಲ್ಲಿ ಅವರ ಮಾತು ನಮಗೂ ಕೇಳಿಸಿತು.

"ಸೇರಿಸ್ಕಳಿ ಮೇಡಂ, ಇವತ್ತೇ ಸೇರಿಸ್ಕಳಿ. ಟಿ.ಸಿ. ತಡ ಆದ್ರೆ ಮಗುನ ವಾಪಸ್ ಕಳಿಸೋ ಹಾಗಿಲ್ಲ. ಆರ್‌ಟಿಇ ಸೆಕ್ಷನ್ ಐದು. ವಯಸ್ಸಿನ ಪುರಾವೆ ಇಲ್ಲ ಅಂತನೂ ಕಳಿಸೋ ಹಾಗಿಲ್ಲ, ಅದು ಹದಿನಾಲ್ಕು. ವಯಸ್ಸಿಗೆ ತಕ್ಕ ಕ್ಲಾಸಿಗೆ ಕೂರಿಸಿ. ತಾಯಿ ಹತ್ರ ಒಂದು ಬರವಣಿಗೆ ಇಸ್ಕಳಿ, ಹೆಬ್ಬೆಟ್ಟಾದ್ರೂ ಸರಿ. ಯಾರಾದ್ರೂ ಕೇಳಿದ್ರೆ ನನ್ ಹೆಸ್ರು ಹೇಳಿ."

ಕೊನೆಯ ಮಾತು ಕೇಳಿದ ಮೇಲೆ ಮೇಡಂ ಪೆನ್ನು ಕೈಗೆ ತಗೊಂಡರು. ಸೆಕ್ಷನ್ ನಂಬರುಗಳನ್ನು ತರಬೇತಿಯಲ್ಲೂ ಹೇಳಬಹುದು, ಪುಸ್ತಕದಲ್ಲೂ ಓದಬಹುದು. ಬಾಗಿಲಲ್ಲಿ ತಾಯಿ ನಿಂತಿರುವಾಗ, ಪಕ್ಕದವರು ಬೇಡ ಅನ್ನುತ್ತಿರುವಾಗ, "ನನ್ನ ಹೆಸರು ಹೇಳಿ" ಅನ್ನುವ ಒಬ್ಬರು ಬೇಕು. ಹಾಗೆ ಅಂದವರು ಅಧಿಕಾರಿಯಲ್ಲ, ತರಬೇತುದಾರರೂ ಅಲ್ಲ. ಅದೇ ಕೆಲಸವನ್ನು ಅದೇ ತಾಲ್ಲೂಕಿನಲ್ಲಿ ಮಾಡುತ್ತಿರುವ ಇನ್ನೊಬ್ಬ ಹೆಚ್.ಎಂ. ಆ ಹುಡುಗಿ ಸುಗ್ಗಿ ಮುಗಿಯುವವರೆಗೂ ಶಾಲೆಗೆ ಬಂದಳು. ಹೋಗುವಾಗ ಮೇಡಂ ಅವಳಿಗೆ ಕೇಳದೆಯೇ ಟಿ.ಸಿ. ಬರೆದುಕೊಟ್ಟರು. ಮುಂದಿನ ಊರಿನ ಹೆಚ್.ಎಂ.ಗೆ ಕೊಡಲು ಒಂದು ಚೀಟಿಯನ್ನೂ ಸೇರಿಸಿ. ಎಷ್ಟು ಓದಬಲ್ಲಳು, ಯಾವ ಲೆಕ್ಕದಲ್ಲಿ ನಿಂತಿದ್ದಾಳೆ, ಏನು ಇಷ್ಟ ಅಂತ ಆ ಚೀಟಿಯಲ್ಲಿತ್ತು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆರು ತಿಂಗಳ ಹಿಂದೆ "ನನ್ನ ಕೈಲಿ ಆಗ್ತಿಲ್ಲ" ಅಂದಿದ್ದವರು ಇವರೇ.

ಹೋಗಿ ನೋಡಿ ಬಂದವರು

ನಮ್ಮ ಪಕ್ಕದಲ್ಲೇ ಒಂದು ಹಳೆಯ ಉದಾಹರಣೆ ಇದೆ. ಇವತ್ತು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಮಾತಾಗಿರುವ ನಲಿ-ಕಲಿ ಕಲಿಕೆ ಪದ್ಧತಿ 1995ರಲ್ಲಿ ಶುರುವಾಗಿದ್ದು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಕಾಡಂಚಿನ, ಹಿಂದುಳಿದ ತಾಲ್ಲೂಕು ಅಂತ ಎಲ್ಲರೂ ಹೇಳುವ ಜಾಗ. ಅಲ್ಲಿನ ಶಿಕ್ಷಕರು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಚಿಕ್ಕ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ಬಂದು ಕೂತು ನಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ತಯಾರಿಸಿದರು. ನಲಿ-ಕಲಿ ಎಲ್ಲ ಕಡೆ ಚೆನ್ನಾಗಿ ನಡೆಯಿತಾ ಅನ್ನೋದು ಬೇರೆ ಚರ್ಚೆ. ನನಗೆ ಮುಖ್ಯ ಅನಿಸುವುದು ಅದರ ಶುರು. ಯಾರೂ ಅವರಿಗೆ ನಾಯಕತ್ವದ ಬಗ್ಗೆ ಪಾಠ ಮಾಡಿರಲಿಲ್ಲ. ಇನ್ನೊಂದು ಶಾಲೆಯನ್ನು ಹತ್ತಿರದಿಂದ ನೋಡುವ ಅವಕಾಶ, ಬಂದಮೇಲೆ ಪ್ರಯತ್ನಿಸಿ ನೋಡುವ ಸ್ವಾತಂತ್ರ್ಯ, ಜೊತೆಗೆ ಕೂತು ಮಾತಾಡುವ ನಾಲ್ಕು ಜನ. ಇಷ್ಟು ಸಿಕ್ಕಿದ್ದಕ್ಕೆ ಸಾಮಾನ್ಯ ಶಿಕ್ಷಕರೇ ಮುಂದೆ ನಿಂತರು.

ಒಂದು ಪ್ರೌಢಶಾಲೆಯ ಸುತ್ತ ಇರುವ ಪ್ರಾಥಮಿಕ ಶಾಲೆಗಳು ಒಟ್ಟಾಗಿ ಕೆಲಸ ಮಾಡಲಿ ಅಂತ ದೇಶದ ಶಿಕ್ಷಣದ ಬಗ್ಗೆ ವರದಿ ಕೊಟ್ಟ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2020ರ ನೀತಿಯೂ ಶಾಲಾ ಸಂಕೀರ್ಣ ಅಂತ ಅದನ್ನೇ ಮತ್ತೆ ಹೇಳುತ್ತದೆ. ನಮ್ಮಲ್ಲಿ ಅದಕ್ಕೆ ಬೇಕಾದ ವ್ಯವಸ್ಥೆ ಅರ್ಧ ಈಗಲೇ ಇದೆ. ಕ್ಲಸ್ಟರ್ ಇದೆ, ಸಿ.ಆರ್.ಪಿ. ಇದ್ದಾರೆ, ಸಮಾಲೋಚನಾ ಸಭೆ ಇದೆ. ಆದರೆ ಹೆಚ್.ಎಂ.ಗಳ ಮೀಟಿಂಗ್ ಅಂದರೆ ಇವತ್ತು ಬರೀ ಮಾಹಿತಿ ಕೊಡುವ ಮೀಟಿಂಗ್. ಎಷ್ಟು ಸಮವಸ್ತ್ರ ಬಂತು, ಎಷ್ಟು ಎಂಟ್ರಿ ಬಾಕಿ, ಯಾರು ಇನ್ನೂ ಕಳಿಸಿಲ್ಲ. ಯಾರ ಶಾಲೆಯಲ್ಲಿ ಏನು ಕಷ್ಟ, ಯಾರು ಏನು ಮಾಡಿ ನೋಡಿದರು ಅಂತ ಕೇಳುವುದಕ್ಕೆ ಅಲ್ಲಿ ಜಾಗವಿಲ್ಲ. ಸಿ.ಆರ್.ಪಿ.ಯನ್ನು ಮಾಹಿತಿ ಸಂಗ್ರಹಿಸುವ ಕೆಲಸದಿಂದ ಅರ್ಧ ಬಿಡುಗಡೆ ಮಾಡಿದರೆ ಹೊಸ ಹೆಚ್.ಎಂ.ಗಳ ಪಕ್ಕದಲ್ಲಿ ಕೂರುವುದಕ್ಕೆ ಅವರಿಗಿಂತ ತಕ್ಕವರು ಇಲ್ಲ. ಆ ಕೆಲಸ ಮಾಡಿದ ಅನುಭವದಿಂದಲೇ ಹೇಳುತ್ತಿದ್ದೇನೆ. ಶಾಲೆಗೆ ಹೋದಾಗ ಹೆಚ್.ಎಂ. ಕೇಳಲು ಬಯಸುವುದು ಒಂದು, ನಾನು ತುಂಬಿಸಿಕೊಂಡು ಬರಬೇಕಾದ ನಮೂನೆ ಇನ್ನೊಂದು.

ನಿವೃತ್ತರಾದ ಮುಖ್ಯ ಶಿಕ್ಷಕರೂ ಇದ್ದಾರೆ. ಮಂಡ್ಯ, ಮೈಸೂರಿನಲ್ಲಿ ಬೆಳಗ್ಗೆ ವಾಕಿಂಗ್ ಹೋದರೆ ಇಂಥವರು ಎಷ್ಟೋ ಜನ ಸಿಗುತ್ತಾರೆ. ಶಾಲೆಯ ವಿಷಯ ಎತ್ತಿದರೆ ಮಾತು ನಿಲ್ಲುವುದಿಲ್ಲ. ಒಬ್ಬೊಬ್ಬರಿಗೆ ಇಬ್ಬರು ಹೊಸ ಹೆಚ್.ಎಂ.ಗಳನ್ನು ಒಂದು ವರ್ಷ ಜೊತೆ ಮಾಡಿಕೊಟ್ಟರೆ ಸಾಕು. ತಿಂಗಳಿಗೊಮ್ಮೆ ಶಾಲೆಗೆ ಹೋಗಿ ಬರಲಿ, ಬಸ್ ಚಾರ್ಜು ಕೊಡಲಿ. ಅವರಿಗೆ ತಪಾಸಣೆ ಮಾಡುವ ಅಧಿಕಾರ ಬೇಡ. ತಪಾಸಣೆ ಮಾಡುವವರ ಮುಂದೆ ಯಾರೂ ತಮ್ಮ ಅಳುಕನ್ನು ಹೇಳಿಕೊಳ್ಳುವುದಿಲ್ಲ.

ಹೆಣ್ಣುಮಕ್ಕಳ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡುವವರಲ್ಲಿ ನಾವು ಎಷ್ಟು ಜನ ಇದ್ದೇವೆ ಅಂತ ಯಾವ ಶಾಲೆಗೆ ಹೋದರೂ ಕಾಣುತ್ತದೆ. ಚಾರ್ಜ್ ಬೇಡ ಅನ್ನುವವರಲ್ಲೂ ನಾವೇ ಜಾಸ್ತಿ ಅಂತ ನನ್ನ ಅನುಭವ. ತಾಲ್ಲೂಕು ಕೇಂದ್ರದ ಮೀಟಿಂಗ್ ಸಂಜೆ ಶುರುವಾದರೆ ಹಳ್ಳಿಯ ಕೊನೆಯ ಬಸ್ ತಪ್ಪುತ್ತದೆ. ಮನೆಯಲ್ಲಿ ರಾತ್ರಿ ಅಡುಗೆಯ ಜೊತೆ ಪೋರ್ಟಲ್ ಎಂಟ್ರಿ. ಮೀಟಿಂಗನ್ನು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಮಧ್ಯಾಹ್ನವೇ ಮುಗಿಸಿದರೆ ಎಷ್ಟೋ ಜನ ಧೈರ್ಯವಾಗಿ ಒಪ್ಪುತ್ತಾರೆ. ಇದಕ್ಕೆ ದುಡ್ಡೇನೂ ಬೇಡ.

ನಮ್ಮ ಶಾಲೆಯಲ್ಲಿ

ನನ್ನ ಕೈಲಿರುವುದು ಒಂದು ಶಾಲೆ. ಅಲ್ಲಿ ಆಗುವುದನ್ನು ಮಾಡೋಣ ಅಂತ ಶುರು ಮಾಡಿದ್ದೇನೆ. ನನ್ನ ನಂತರ ಸೀನಿಯರ್ ಆಗಿರುವವರು ವಿಜ್ಞಾನದ ಮೇಡಂ. ಹೆಚ್.ಎಂ. ಕೆಲಸವನ್ನು ಈಗಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಹಂಚಿಕೊಳ್ಳೋಣ ಅಂದೆ. ಮೊದಲು ಬೇಡ ಅಂದರು. "ಪಾಠ ಮಾಡೋದು ಬಿಟ್ಟುಹೋಗುತ್ತೆ ಅಕ್ಕ" ಅಂದರು. ಹಾಗೆ ಆಗಬಾರದು ಅಂತಲೇ ಈ ಏರ್ಪಾಡು ಅಂತ ಹೇಳಿ ಒಪ್ಪಿಸಿದೆ. ನಾನೂ ವಾರದಲ್ಲಿ ಮೂರು ದಿನ ಮೊದಲ ಪೀರಿಯಡ್ ಯಾವುದಾದರೂ ತರಗತಿಯಲ್ಲಿರುತ್ತೇನೆ, ಆಗ ಎಷ್ಟೇ ತುರ್ತಿನ ಮೆಸೇಜ್ ಬಂದರೂ ನೋಡುವುದಿಲ್ಲ. ಅದನ್ನು ಅವರೂ ನೋಡುತ್ತಿದ್ದಾರೆ.

ಜುಲೈನಿಂದ ಬಿಸಿಯೂಟದ ಲೆಕ್ಕ ಅವರು ಬರೆಯುತ್ತಾರೆ, ಸಹಿ ನನ್ನದು. ತಪ್ಪಿದರೆ ಜವಾಬ್ದಾರಿಯೂ ನನ್ನದೇ. ಯಾವುದಾದರೂ ಮಗುವಿನ ಮನೆಗೆ ಹೋಗಬೇಕಾದರೆ ಇಬ್ಬರೂ ಹೋಗುತ್ತೇವೆ, ಮಾತು ಅವರು ಶುರು ಮಾಡುತ್ತಾರೆ. ಪೋರ್ಟಲ್‌ಗಳಿಗೆ ಯಾರದೋ ಸ್ವಂತ ನಂಬರ್ ಬೇಡ ಅಂತ ಶಾಲೆಯ ಹೆಸರಲ್ಲೇ ಒಂದು ಸಿಮ್ ತಗೊಂಡಿದ್ದೇವೆ. ಅದರ ಫೋನು ಬೀರುವಿನಲ್ಲಿರುತ್ತದೆ. ಊರಿನ ಬಗ್ಗೆ, ಮನೆಗಳ ಬಗ್ಗೆ ನನಗೆ ಗೊತ್ತಿರುವುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ಯಾರ ಮಾನಕ್ಕೂ ಕುಂದು ಬರದ ಹಾಗೆ ಬರೆಯಬೇಕಲ್ಲ, ಅದಕ್ಕೇ ನಿಧಾನವಾಗುತ್ತಿದೆ. ಬಾಯಲ್ಲಿ ಹೇಳಬಹುದಾದ ಎಷ್ಟೋ ವಿಷಯ ಕಾಗದದ ಮೇಲೆ ಕೂರುವುದಿಲ್ಲ. ಅವುಗಳನ್ನು ಒಟ್ಟಿಗೆ ಓಡಾಡುವಾಗಲೇ ಹೇಳಬೇಕು.

ನವೆಂಬರ್‌ನ ಎಸ್‌ಡಿಎಂಸಿ ಸಭೆಯನ್ನು ಅವರೇ ನಡೆಸುತ್ತಾರೆ. ಅಧ್ಯಕ್ಷರಿಗೆ ಮುಂಚೆಯೇ ತಿಳಿಸಲು ಹೋಗಿದ್ದೆ, ಗದ್ದೆಯಲ್ಲಿ ನಾಟಿ ಮಾಡಿಸುತ್ತಿದ್ದರು. "ಆಗ್ಲಿ ಬುಡಿ ಮೇಡಂ, ಆವಮ್ಮ ಪಾಟ ಚೆನ್ನಾಗ್ ಮಾಡ್ತದೆ ಅಂತ ನನ್ ಮಗಳೇ ಹೇಳ್ತಾಳೆ, ಸಬೆನೂ ಮಾಡ್ಲಿ. ನೀವು ಮಾತ್ರ ಅವತ್ತು ರಜ ಹಾಕ್ಬೇಡಿ" ಅಂದರು. ರಜೆ ಹಾಕುವುದಿಲ್ಲ ಅಂದೆ. ಕ್ಯಾಶ್ ಬುಕ್ ಜನವರಿಯಿಂದ ಕಲಿಸಬೇಕು ಅಂತಿದೆ. ಅದಕ್ಕೆ ಮೊದಲು ಪಕ್ಕದ ಊರಿನ ಶಾಲೆಗೆ ಅವರನ್ನು ಒಂದು ಪೂರ್ತಿ ದಿನ ಕಳಿಸಿ, ಅಲ್ಲಿನ ಹೆಚ್.ಎಂ. ಜೊತೆ ಬೆಳಗ್ಗೆಯಿಂದ ಸಂಜೆವರೆಗೆ ಇರಿಸಬೇಕು. ಆ ದಿನ ಅವರ ವಿಜ್ಞಾನದ ಪೀರಿಯಡ್‌ಗಳನ್ನು ನಾನು ತಗೊಳ್ಳುತ್ತೇನೆ.